ಅಲ್ಲಾಡಿಸಿದರೆ ಮುನಿಯುವ ಪೆಟ್ಟಿಗೆ

ನಮ್ಮ ಸೋದರಮಾವನ ಮಟ್ಟಿಗೆ ಈ ಲೋಕದಲ್ಲಿ ಕಣ್ಣಿಂದ ನೋಡಿ ನಂಬುವಂಥ ವಸ್ತು ಒಂದೂ ಇಲ್ಲ. ಏನೇ ಇರಲಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಯೇ ನಂಬಬೇಕು! ಗ್ಯಾಸ್ ಸಿಲಿಂಡರ್ ಬಂದರೆ ಅಲ್ಲಾಡಿಸುತ್ತಾನೆ. ಹೊಸ ಮೊಬೈಲಿನ ಡಬ್ಬ ಬಂದರೆ ಅಲ್ಲಾಡಿಸುತ್ತಾನೆ. ಡಾಕ್ಟರು ಬರೆದುಕೊಟ್ಟ ಮಾತ್ರೆಯ ಡಬ್ಬಿಯನ್ನು ಮೆಡಿಕಲ್ ಸ್ಟೋರಿನಲ್ಲೇ ಅಲ್ಲಾಡಿಸಿ, "ಇದ್ರಲ್ಲಿ ದಮ್ಮಿಲ್ಲ ಕಣಪ್ಪ" ಎಂದು ವಾಪಸ್ ಕೊಟ್ಟು ಬಂದವನು. ನನ್ನ ಮಗಳ ನಾಮಕರಣದ ದಿನ ತೊಟ್ಟಿಲಿಂದ ಕೂಸನ್ನು ಎತ್ತಿ ಮೆಲ್ಲಗೆ ಕಿವಿಯ ಬಳಿಗೆ ಒಯ್ದಾಗ, ಅಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಕೂಗಿದ ಕೂಗಿಗೆ ಪಕ್ಕದ ಮನೆಯ ಹಸು ಗೂಟ ಕಿತ್ತುಕೊಂಡು ಓಡಿಹೋಯಿತು. ಸುಳ್ಳು ಅಂತೀರಾ? ಹಸು ಹುಡುಕಲು ಹೋದವರಲ್ಲಿ ನನ್ನ ಗಂಡನೂ ಒಬ್ಬರು, ಬೇಕಾದರೆ ಕೇಳಿ.

ಹಾಗಂತ ಅವನನ್ನು ಬೈಯಲೂ ಆಗದು. ತಿಪಟೂರು ಸೀಮೆಯಲ್ಲಿ ಹುಟ್ಟಿದವರಿಗೆ ಈ ಚಾಳಿ ಅಟ್ಟದಿಂದಲೇ ಇಳಿದು ಬಂದದ್ದು. ನಮ್ಮ ಕಡೆ ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅದರ ತಂಟೆಗೆ ಯಾರೂ ಹೋಗುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ತಾನಾಗಿ ಚಿಪ್ಪು ಬಿಡಬೇಕು. ಆಮೇಲೆ ಒಂದು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಉಂಡೆ ಕೊಬ್ಬರಿ ಲೊಡಲೊಡ ಅನ್ನುತ್ತದೆ. ಅಂದರೆ ಇಳಿಸಬಹುದು. ಅನ್ನದಿದ್ದರೆ ಮತ್ತೆ ಅಟ್ಟಕ್ಕೆ. ಅವಸರಪಟ್ಟು ಮೊದಲೇ ಒಡೆದರೆ ಕೊಬ್ಬರಿ ಚಿಪ್ಪಿಗೇ ಕಚ್ಚಿಕೊಂಡು ಚೂರುಚೂರಾಗಿ ಬರುತ್ತದೆ.

ಮಾವ ಈ ಶಾಸ್ತ್ರವನ್ನು ಇಡೀ ಪ್ರಪಂಚಕ್ಕೆ ಹಚ್ಚಿದ, ಅಷ್ಟೇ. ನನ್ನ ಗಂಡ ಮೊದಲ ಸಲ ನಮ್ಮ ಮನೆಗೆ ಬಂದ ದಿನ ಅವರ ಎರಡೂ ಭುಜ ಹಿಡಿದು ಚೆನ್ನಾಗಿ ಕುಲುಕಿ, "ಒಳಗೆ ಏನೂ ಸಡಿಲ ಇಲ್ಲ ಕಣಕ್ಕ, ಹುಡುಗೀನ ಕೊಡಬೈದು" ಎಂದು ಅಮ್ಮನಿಗೆ ವರದಿ ಒಪ್ಪಿಸಿದ. ಇವತ್ತಿಗೂ ನನ್ನ ಗಂಡ ಮಾವನಿಗೆ ಎರಡು ಮಾರು ದೂರದಿಂದಲೇ ನಮಸ್ಕಾರ ಮಾಡುತ್ತಾರೆ.

(ಏನಮ್ಮಾ, ಅರವತ್ತಾರು ವರ್ಷದ ಹಿರಿಯನನ್ನು ಅವನು ಇವನು ಅಂತೀಯಲ್ಲ ಎಂದು ಹುಬ್ಬೇರಿಸಬೇಡಿ. ಒಮ್ಮೆ ಯಾರೋ ದೊಡ್ಡವರೆದುರು ನಾನು "ಮಾವನವರು ಬಂದರು" ಎಂದಿದ್ದಕ್ಕೆ, "ಯಾಕವ್ವಾ, ನನ್ ಮೇಲೆ ಸಿಟ್ಟೇನು?" ಎಂದು ಊಟ ಬಿಟ್ಟು ಎದ್ದುಬಿಟ್ಟಿದ್ದ.)

ಇಂಥ ಮಾವ ಹೊಟ್ಟೆಪಾಡಿಗೆ ಹಿಡಿದ ಕೆಲಸ ಯಾವುದು ಗೊತ್ತೇ? ತಿಪಟೂರು ಪೇಟೆಯಲ್ಲಿ ಫೋಟೋ ಸ್ಟುಡಿಯೋ! ಬೆಳಗಿಂದ ಸಂಜೆವರೆಗೆ ಬಂದವರಿಗೆಲ್ಲ "ಅಲ್ಲಾಡಬ್ಯಾಡಿ, ಅಲ್ಲಾಡಬ್ಯಾಡಿ" ಎಂದು ಹೇಳುವುದೇ ಅವನ ಉದ್ಯೋಗ.

ಆ ಸ್ಟುಡಿಯೋಕ್ಕೆ ಹೆಸರು ಬಂದದ್ದು ಕ್ಯಾಮೆರಾದಿಂದಲ್ಲ, ಒಂದು ಏರ್‌ಬ್ರಷ್‌ನಿಂದ. ನೋಡಲು ದಪ್ಪನೆ ಪೆನ್ನಿನ ಹಾಗಿದೆ. ಮೇಲೆ ಹೆಬ್ಬೆರಳಿನ ಉಗುರಿನಷ್ಟು ಬಣ್ಣದ ಬಟ್ಟಲು, ಹಿಂದೆ ಗಾಳಿಯ ಪೈಪು, ತೋರುಬೆರಳಿಗೆ ಒಂದು ಗುಂಡಿ. ಒತ್ತಿದರೆ ಬಣ್ಣ ಹೊಗೆಯಂತೆ ತೆಳ್ಳಗೆ ಬಂದು ಕೂರುತ್ತದೆ. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಕಂಪ್ಯೂಟರು ಇನ್ನೂ ನಮ್ಮ ಕಡೆಯ ಸ್ಟುಡಿಯೋಗಳಿಗೆ ಸರಿಯಾಗಿ ಕಾಲಿಡದ ಕಾಲ ಅದು. ಫೋಟೋದಲ್ಲಿನ ಮೊಡವೆ, ಗಾಯದ ಗುರುತು, ಸಿಡುಬಿನ ಕಲೆ, ಬೋಳುತಲೆ ಎಲ್ಲಕ್ಕೂ ಮಾವನ "ಗಾಳಿ ಪೆನ್ನೇ" ಮದ್ದು. ಹೆಣ್ಣಿನ ಫೋಟೋ ಕಳಿಸುವ ಮನೆಯವರು ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳಿಂದೆಲ್ಲ ಬಸ್ಸು ಹತ್ತಿ ಅವನಲ್ಲಿಗೆ ಬರುತ್ತಿದ್ದರು.

ಈಗ ಸ್ವಲ್ಪ ನನ್ನ ವಿಷಯ ಹೇಳಬೇಕು. ನನ್ನ ಎಡಗೆನ್ನೆಯ ಕೆಳಗೆ ತೊನ್ನಿನ ಒಂದು ಬಿಳಿ ಮಚ್ಚೆ ಇದೆ. ಇಪ್ಪತ್ತೆರಡು ವರ್ಷದ ಹಿಂದೆ, ನನಗೂ ಇಪ್ಪತ್ತೆರಡಾಗಿದ್ದಾಗ, ಅದು ಹುಣಸೆ ಬೀಜದಷ್ಟಿತ್ತು. ಈಗ ಅಂಗೈಯ ಅರ್ಧದಷ್ಟಿದೆ. ನಾನು ಚಿಕ್ಕನಾಯಕನಹಳ್ಳಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದೇನೆ. ಬ್ಲೌಸಿನ ಅಳತೆಗೆ ಬಂದವರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನ ಹೊಲಿಗೆ ನೋಡುತ್ತಾರೆ, ಆಮೇಲೆ ಮಚ್ಚೆ ಮರೆಯುತ್ತಾರೆ. ಆಗ ಹಾಗಿರಲಿಲ್ಲ. ಹುಣಸೆ ಬೀಜದಷ್ಟಿದ್ದ ಆ ಮಚ್ಚೆ ನನಗೆ ಬೋರನಕಣಿವೆ ಕೆರೆಯಷ್ಟು ಅಗಲವಾಗಿ ಕಾಣುತ್ತಿತ್ತು.

ಒಂದು ಸಂಬಂಧ ಬಂತು. ಮಾವ ನನ್ನ ಫೋಟೋ ತೆಗೆದು ಕಳಿಸಿಕೊಟ್ಟ. ಫೋಟೋ ಒಪ್ಪಿಗೆಯಾಗಿ ಗಂಡಿನ ಕಡೆಯವರು ವ್ಯಾನು ಮಾಡಿಕೊಂಡು ಬಂದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ಅವರಲ್ಲೊಬ್ಬ ಅಜ್ಜಿ ಕೈಚೀಲದಿಂದ ಫೋಟೋ ತೆಗೆದು, ನನ್ನ ಮುಖದ ಪಕ್ಕ ಹಿಡಿದು, "ಇದು ಇದ್ರಲ್ಲಿ ಇಲ್ವಲ್ಲ" ಎಂದರು. ಆಗ ಮೂಲೆಯಲ್ಲಿ ನಿಂತಿದ್ದ ಮಾವ ಮುಂದೆ ಬಂದು, "ಅಳಿಸಿದ್ದು ನಾನು ಕಣ್ರವ್ವಾ. ಮನೆಯೋರಿಗೆ ಗೊತ್ತಿಲ್ಲ. ಹುಡುಗಿಗೂ ಗೊತ್ತಿಲ್ಲ" ಎಂದುಬಿಟ್ಟ. ಅವರು ಎದ್ದು ಹೋದರು.

ಅವತ್ತು ಮಾವ ಏರ್‌ಬ್ರಷ್ಷನ್ನು ಡಬ್ಬಕ್ಕೆ ಹಾಕಿ ಮುಚ್ಚಿದ. ಇನ್ನು ಮನುಷ್ಯರ ಮುಖದ ಮೇಲೆ ಇದನ್ನು ಆಡಿಸುವುದಿಲ್ಲ ಎಂದು ಸ್ಟುಡಿಯೋದ ಗಣಪತಿ ಪಟದ ಮುಂದೆ ಹೇಳಿಕೊಂಡನಂತೆ. ಊರೂರಲ್ಲಿ "ಮೋಸದ ಫೋಟೋ" ಎಂದು ಸುದ್ದಿಯಾಯಿತು. ಅಮ್ಮ ಒಂದು ವರ್ಷ ತಮ್ಮನ ಜೊತೆ ಮಾತು ಬಿಟ್ಟಳು. ಮಾತು ಶುರು ಮಾಡಿದ ಮೇಲಂತೂ ಪ್ರತಿ ಯುಗಾದಿಗೂ ಹೋಳಿಗೆಗೆ ತುಪ್ಪ ಬಡಿಸುತ್ತ, "ನನ್ ಮಗಳ ಮರ್ಯಾದೆ ಕಳೆದೋನು ನೀನೇ ಕಣ್ಲಾ" ಎಂದು ತಪ್ಪದೆ ಬೈಯುವಳು. ಮಾವ ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು, "ಹೂಂ ಅಕ್ಕ, ತಪ್ಪಾಯ್ತು, ಇನ್ನೊಂಚೂರು ತುಪ್ಪ ಹಾಕು" ಅನ್ನುವನು.

ನಿಜ ಏನೆಂದರೆ, ಅದನ್ನು ಅಳಿಸು ಎಂದವಳು ನಾನು. ಸ್ಟುಡಿಯೋದ ಸ್ಟೂಲಿನ ಮೇಲೆ ಕೂತು ಅತ್ತು, "ಅದೊಂದು ತೆಗೆದುಬುಡು ಮಾವ, ನಿನ್ನ ಕಾಲು ಹಿಡ್ಕೋತೀನಿ" ಎಂದವಳು ನಾನು. ಮಾವ, "ಬ್ಯಾಡ ಕಣವ್ವ, ಇರೋದು ಇರ್ಲಿ" ಎಂದು ಎರಡು ಸಲ ಹೇಳಿದ್ದ. ಆ ಅಜ್ಜಿ ಫೋಟೋ ಎತ್ತಿ ಹಿಡಿದಾಗ ನಾನು ಬಾಯಿ ಬಿಡಲಿಲ್ಲ. ಆ ವರ್ಷವೂ ಬಿಡಲಿಲ್ಲ, ಮುಂದಿನ ಯುಗಾದಿಗಳಲ್ಲೂ ಬಿಡಲಿಲ್ಲ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಪ್ರತಿಜ್ಞೆಯ ನಂತರ ಮಾವನ ಸ್ಟುಡಿಯೋ, ತಿಪಟೂರಿನಲ್ಲಿ ಮೊಡವೆ ಸಮೇತ ಫೋಟೋ ಸಿಗುವ ಏಕೈಕ ಸ್ಟುಡಿಯೋ ಎಂದು ಪ್ರಸಿದ್ಧವಾಯಿತು! "ಸಾರ್, ಮೂಗು ಸ್ವಲ್ಪ ಸಣ್ಣಗೆ ಮಾಡಿ" ಎಂದರೆ, "ನಿಮ್ಮಪ್ಪನ ಮೂಗು ಕಣಪ್ಪ ಅದು, ನಾನ್ಯಾರು ಕುಯ್ಯೋಕೆ?" ಅನ್ನುವನು. ಗಿರಾಕಿಗಳು ಸೋರಿಹೋದರು. ಹಾಲ್ ಟಿಕೆಟ್ಟಿಗೂ ಪಾಸ್‌ಪೋರ್ಟ್ ಸೈಜಿಗೂ ಮಾತ್ರ ಜನ ಬರುತ್ತಿದ್ದರು, ಅಲ್ಲಿ ಹೇಗೂ ಯಾರೂ ಚೆನ್ನಾಗಿ ಕಾಣಬೇಕಾಗಿಲ್ಲವಲ್ಲ. ಆಮೇಲೆ ಕೈಗೊಂದು ಮೊಬೈಲು ಬಂದು ಅದೂ ನಿಂತಿತು. ಮಾವ ಬಾಗಿಲು ಹಾಕಿ, ಹಾಲ್ಕುರಿಕೆ ದಾರಿಯಲ್ಲಿರುವ ತೋಟದ ಮನೆಗೆ ಬಂದು ಕೂತ.

ಹೋದ ವರ್ಷ ಒಂದು ಭಾನುವಾರ ಅತ್ತೆ, ಅಂದರೆ ಈ ಮಾವನ ಹೆಂಡತಿ, ಫೋನು ಮಾಡಿದಳು. "ಬೇಗ ಬಾರೇ. ನಿಮ್ಮ ಮಾವ ಗುಜರಿಯಿಂದ ಹೆಣದ ಪೆಟ್ಟಿಗೆ ತಂದವ್ರೆ!"

ಬಸ್ಸು ಹಿಡಿದು ಓಡಿದೆ. ಅಂಗಳದಲ್ಲಿ ಲಗೇಜ್ ಆಟೋ, ಆಟೋದ ಸುತ್ತ ಹತ್ತು ಜನ. ಮಧ್ಯೆ ನಾಲ್ಕು ಕಾಲಿನ ಉದ್ದನೆಯ ಮರದ ಪೆಟ್ಟಿಗೆ, ಮೇಲೆ ಗಾಜು. ಐಸ್‌ಕ್ರೀಮ್ ಡಬ್ಬ ಎಂದು ಒಬ್ಬರು, ಸತ್ತವರನ್ನು ತಣ್ಣಗಿಡುವ ಪೆಟ್ಟಿಗೆ ಎಂದು ಇನ್ನೊಬ್ಬರು. ಹಿರಿಯರೊಬ್ಬರು ಮಾತ್ರ ಕೊಬ್ಬರಿ ಒಣಗಿಸುವ ಹೊಸ ಮಿಷನ್ನು, ಸಬ್ಸಿಡಿ ಬಂದಿರಬೇಕು ಎಂದವರೇ, ಅರ್ಜಿ ಎಲ್ಲಿ ಕೊಡೋದು ಅಂತಲೂ ಕೇಳಿದರು.

ಅದು ಪಿನ್‌ಬಾಲ್ ಆಟದ ಪೆಟ್ಟಿಗೆ. ಯಾವುದೋ ದೊಡ್ಡ ಊರಿನ ಹಳೇ ಕ್ಲಬ್ಬು ಕೆಡವಿದಾಗ ಗುಜರಿ ಸೇರಿದ್ದು. ಇಳಿಜಾರಿನ ಹಲಗೆಯ ಮೇಲೆ ಒಂದು ಉಕ್ಕಿನ ಗುಂಡು. ಸ್ಪ್ರಿಂಗ್ ಎಳೆದು ಬಿಟ್ಟರೆ ಅದು ಮೇಲಕ್ಕೆ ಹೋಗಿ, ಅಲ್ಲಿರುವ ದೀಪದ ಗೂಟಗಳಿಗೆ ಬಡಿದುಕೊಂಡು ಕೆಳಕ್ಕೆ ಉರುಳುತ್ತದೆ. ಎರಡು ಗುಂಡಿ ಒತ್ತಿ ಎರಡು ಪುಟ್ಟ ಕೈಗಳಿಂದ ಅದನ್ನು ಮತ್ತೆ ಮೇಲಕ್ಕೆ ಹೊಡೆಯಬೇಕು. ಇಷ್ಟೇ ಆಟ. ಗುಜರಿಯವನು ತಾಮ್ರದ ತಂತಿಗೆಂದು ಒಡೆಯುತ್ತಿದ್ದಾಗ ಮಾವನ ಕಣ್ಣಿಗೆ ಬಿದ್ದಿದೆ.

"ಇದನ್ನ ಏನ್ ಮಾಡ್ತೀಯ ಮಾವ?"

"ಬಾ ಇಲ್ಲಿ, ನೋಡು" ಎಂದು ಪೆಟ್ಟಿಗೆಯ ಮಗ್ಗುಲು ತೋರಿಸಿದ. ಒಂದು ಕಡೆಯ ಹಲಗೆ ಗೆದ್ದಲು ತಿಂದು ಹೋಗಿ ಬರೀ ಪ್ಲೈವುಡ್ ಬಡಿದಿದ್ದರು. ಇನ್ನೊಂದು ಕಡೆ ಒಂದು ಚಿತ್ರವಿತ್ತು. ಇತ್ತು ಅನ್ನುವುದಕ್ಕಿಂತ ಇದ್ದದ್ದರ ಗುರುತಿತ್ತು. ಸಮುದ್ರ, ಎರಡು ತೆಂಗಿನ ಮರ, ಆಕಾಶದ ತುಂಬ ನಕ್ಷತ್ರ, ಮಧ್ಯೆ ಲಂಗ ಹಾರಾಡಿಸುತ್ತ ನಿಂತ ಒಬ್ಬ ಹೆಂಗಸು. ಬಿಸಿಲು ಕುಡಿದು ಕುಡಿದು ಕೆಂಪೆಲ್ಲ ತಿಳಿ ಗುಲಾಬಿಯಾಗಿತ್ತು, ನೀಲಿಯೆಲ್ಲ ಬೂದಿಯಾಗಿತ್ತು. ಹೆಂಗಸಿನ ಮುಖದ ಜಾಗದಲ್ಲಿ ಬಣ್ಣ ಹಕ್ಕಳೆ ಎದ್ದು ಉದುರಿ, ಕಣ್ಣು ಮೂಗು ಏನೂ ಉಳಿದಿರಲಿಲ್ಲ.

"ಬಣ್ಣ ಹೋದ್ರೂ ಹೆಂಗ್ ನಿಂತವಳೆ ನೋಡು ಮಗಾ. ಇವಳ್ನ ಒಡೆಯೋಕೆ ಬುಡಾಕಾಗುತ್ತಾ?" ಎಂದ ಮಾವ.

ಮೊದಲು ರಿಪೇರಿ. ನಮ್ಮ ಕಡೆ ಪಿನ್‌ಬಾಲ್ ಮೆಕ್ಯಾನಿಕ್ ಎಲ್ಲಿ ಸಿಗಬೇಕು? ಬೋರ್‌ವೆಲ್ ಮೋಟರಿಗೆ ತಂತಿ ಸುತ್ತುವವನನ್ನು ಕರೆಸಿದ. ಅವನು ಎರಡು ವಾರ ಪೆಟ್ಟಿಗೆಯೊಳಗೆ ತಲೆ ಹಾಕಿ ಕೂತು, ಕಡೆಗೂ ದೀಪ ಹತ್ತಿಸಿ ಗುಂಡು ಉರುಳಿಸಿದ. ಮಾವನಿಗೆ ಆನಂದ ತಡೆಯಲಾಗಲಿಲ್ಲ. ಎರಡೂ ಕೈಯಲ್ಲಿ ಪೆಟ್ಟಿಗೆ ಹಿಡಿದು, ಕಿವಿ ಗಾಜಿಗೆ ಕೊಟ್ಟು, ಚೆನ್ನಾಗಿ ಕುಲುಕಿದ. ದೀಪವೆಲ್ಲ ಪಟ್ಟನೆ ಆರಿಹೋಯಿತು!

"ಅಣ್ಣೋ, ಅಲ್ಲಾಡಿಸಬ್ಯಾಡ! ಇದ್ರೊಳಗೆ ಒಂದು ತೂಗುಗುಂಡು ಐತೆ. ಪೆಟ್ಟಿಗೆ ಕುಲುಕಿದ್ರೆ ಅದು ಸುತ್ತ ಇರೋ ಕಬ್ಬಿಣದ ಬಳೆಗೆ ತಾಗಿ ಆಟ ನಿಂತೋಗುತ್ತೆ. ಮೋಸ ಮಾಡಬಾರ್ದು ಅಂತ ಮಾಡವ್ರೆ."

"ಅಲ್ಲಾಡಿಸೋದು ಮೋಸವಾ?" ಮಾವನ ಮುಖ ನೋಡಬೇಕಿತ್ತು. ಅರವತ್ತಾರು ವರ್ಷ ನಂಬಿಕೊಂಡು ಬಂದ ಶಾಸ್ತ್ರಕ್ಕೇ ಪೆಟ್ಟಿಗೆಯೊಂದು ಎದುರು ನಿಂತಿತ್ತು. ಎರಡು ದಿನ ಅದರ ಜೊತೆ ಮಾತು ಬಿಟ್ಟಿದ್ದ ಎಂದು ಅತ್ತೆ ಹೇಳುತ್ತಾಳೆ. ಮೂರನೆಯ ದಿನ, "ಮುನಿಸ್ಕೊಳ್ಳೋ ಜಾತಿ ಕಣವ್ವ ಇದು, ನಿಮ್ಮತ್ತೆ ಥರ" ಎಂದು ನನಗೆ ಫೋನು ಮಾಡಿದ. ರಾಜಿಯಾಗಿತ್ತು.

ಆಮೇಲೆ ಶುರುವಾಯಿತು ಬಣ್ಣದ ಕೆಲಸ. ಇಪ್ಪತ್ತೆರಡು ವರ್ಷದ ನಂತರ ಡಬ್ಬದಿಂದ ಏರ್‌ಬ್ರಷ್ ಹೊರಗೆ ಬಂತು. ಮಾವ ಅದನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಸೂಜಿ ಉಜ್ಜಿ, ಮೊದಲೇ ಎಲ್ಲರಿಗೂ ಹೇಳಿಬಿಟ್ಟ: "ಮರ ಬರೀತೀನಿ, ಸಮುದ್ರ ಬರೀತೀನಿ, ಲಂಗ ಬರೀತೀನಿ. ಮುಖ ಮಾತ್ರ ನಂಗೆ ಬ್ಯಾಡ." ನಾನು ತಲೆ ತಗ್ಗಿಸಿ ಅವರೆಕಾಯಿ ಸುಲಿಯುತ್ತಿದ್ದೆ.

ಬ್ರಷ್ಷಿಗೆ ಗಾಳಿ ಬೇಕಲ್ಲ? ಹಳೇ ಕಂಪ್ರೆಸರು ತುಕ್ಕು ಹಿಡಿದಿತ್ತು. ಮೊದಲು ಗಿಡಕ್ಕೆ ಔಷಧಿ ಹೊಡೆಯುವ ಪಂಪು ಕಟ್ಟಿ ನೋಡಿದ. ತಳದಲ್ಲಿ ಉಳಿದಿದ್ದ ಔಷಧಿಯೂ ಬಣ್ಣದ ಜೊತೆ ಹಾರಿ, ಆ ಮಧ್ಯಾಹ್ನ ಮನೆಯ ಸೊಳ್ಳೆ ನೊಣವೆಲ್ಲ ಖಾಲಿ. ಆಮೇಲೆ ಹೊಳೆದದ್ದು ಟ್ರ್ಯಾಕ್ಟರ್ ಟ್ಯೂಬು. ಟಿವಿಎಸ್ ಗಾಡಿಯಲ್ಲಿ ಪಂಕ್ಚರ್ ಅಂಗಡಿಗೆ ಹೋಗಿ, ಟ್ಯೂಬಿಗೆ ಗಾಳಿ ತುಂಬಿಸಿ, ಅದನ್ನು ಕೊರಳಿಗೆ ಹಾಕಿಕೊಂಡು ಸನ್ಮಾನ ಮಾಡಿಸಿಕೊಂಡವನ ಹಾಗೆ ಹಾಲ್ಕುರಿಕೆ ದಾರಿಯುದ್ದಕ್ಕೂ ಬರುವನು. ಟ್ಯೂಬಿನ ಬಾಯಿಗೆ ಬ್ರಷ್ಷಿನ ಪೈಪು ಸಿಕ್ಕಿಸಿದರೆ ಮುಕ್ಕಾಲು ಗಂಟೆ ಗಾಳಿ. ಕೊನೆಕೊನೆಗೆ ಟ್ಯೂಬು ಸೊರಗಿ ಬಣ್ಣ ಉಗುಳಲು ಶುರು ಮಾಡಿದಾಗ ಅತ್ತೆಯನ್ನು ಕರೆಯುವನು. ಅತ್ತೆಯದು ಭಾರಿ ಮೈ. ಅವಳು ಟ್ಯೂಬಿನ ಮೇಲೆ ಕೂತು ಸೊಪ್ಪು ಬಿಡಿಸಬೇಕು!

"ಸ್ವಲ್ಪ ಒತ್ತಿ ಕೂತ್ಕಳೇ, ನಕ್ಷತ್ರ ಮಾಡ್ತಿದ್ದೀನಿ."

"ನಾನು ಎದ್ರೆ ನಿಮ್ ಆಕಾಶ ಬೀಳುತ್ತೇನ್ರೀ?"

"ಬೀಳುತ್ತೆ ಕಣೇ, ನಿಜವಾಗ್ಲೂ ಬೀಳುತ್ತೆ!"

ನಕ್ಷತ್ರದ ಮಾತು ಬಂದದ್ದಕ್ಕೆ ಹೇಳಿಬಿಡುತ್ತೇನೆ. ನಕ್ಷತ್ರದ ಅಂಚು ಚೂಪಾಗಿ ಬರಬೇಕಾದರೆ ಅಚ್ಚು ಕತ್ತರಿಸಿ, ಅದನ್ನಿಟ್ಟು ಮೇಲೆ ಬಣ್ಣ ಹೊಡೆಯಬೇಕು. ಕಾಗದವಾದರೆ ನೆನೆಯುತ್ತದೆ. ಎಕ್ಸ್‌ರೇ ಹಾಳೆಯಾದರೆ ನೆನೆಯುವುದಿಲ್ಲ. ಬೀರುವಿನಲ್ಲಿ ಒಂದು ಎಕ್ಸ್‌ರೇ ಸಿಕ್ಕಿತು. ಮುಂದಿನ ತಿಂಗಳು ಅತ್ತೆ ಮೊಣಕಾಲು ನೋವಿಗೆ ಡಾಕ್ಟರ ಹತ್ತಿರ ಹೋದಾಗ, ಹಳೆಯದನ್ನು ತೋರಿಸಿ ಎಂದರಂತೆ. ಅತ್ತೆ ಕವರು ಕೊಟ್ಟಳು. ಡಾಕ್ಟರು ದೀಪದ ಮುಂದೆ ಹಿಡಿದರೆ, ಮೂಳೆಗೆ ಸರಿಯಾಗಿ ಮಧ್ಯದಲ್ಲಿ ಐದು ಮೂಲೆಯ ನಕ್ಷತ್ರ! "ನಂಗೇನೂ ಮುಚ್ಚಿಡಬ್ಯಾಡಿ ಡಾಕ್ಟ್ರೇ" ಎಂದು ಅತ್ತೆ ಕೈ ಮುಗಿದಳಂತೆ. ಮನೆಗೆ ಬಂದು ಮಾವನಿಗೆ ಮಾಡಿದ ಮಂಗಳಾರತಿಯನ್ನು ನಾನು ಇಲ್ಲಿ ಬರೆಯುವ ಹಾಗಿಲ್ಲ.

ಇನ್ನು ತೆಂಗಿನ ಮರಗಳು. ಮೂಲ ಚಿತ್ರದವನು ಯಾವ ದೇಶದವನೋ, ಪಾಪ, ಮರದ ಕಾಂಡಕ್ಕೇ ಎರಡು ಕಾಯಿ ಅಂಟಿಸಿದ್ದ. ಮಾವನಿಗೆ ತಡೆಯಲಾಗಲಿಲ್ಲ. "ತೆಂಗಿನ ಮರ ಕಣ್ಣಲ್ಲಿ ನೋಡದೆ ಇರೋನು ಬರೆದವ್ನೆ. ಗೊನೆ ಎಲ್ಲೈತೆ? ಹೊಂಬಾಳೆ ಎಲ್ಲೈತೆ?" ಎಂದು ಆರು ಗೊನೆ, ಎರಡು ಹೊಂಬಾಳೆ, ಒಂದು ಒಣಗಿದ ಗರಿ ಸೇರಿಸಿ ಸರಿ ಮಾಡಿದ. ಒಂದೆರಡು ಕಾಯಿಗೆ ನುಸಿ ಹತ್ತಿದ ಕಲೆಯನ್ನೂ ಬಿಡಲಿಲ್ಲ. ನೋಡಲು ಬಂದ ತೋಟದವರಲ್ಲಿ ಒಬ್ಬನಾದರೂ ಆ ಹೆಂಗಸಿನ ಕಡೆ ಕಣ್ಣೆತ್ತಿದ್ದರೆ ಕೇಳಿ! ಎಲ್ಲರೂ ಮರದ ಮುಂದೆ ಕುಕ್ಕರಗಾಲಲ್ಲಿ ಕೂತು, "ಈ ಮರಕ್ಕೆ ನೀರು ಸಾಲ್ದು", "ಸಮುದ್ರದ ಮಗ್ಗುಲಲ್ಲೈತೆ, ಎಳನೀರು ಉಪ್ಪಾಗಲ್ವೇ?", "ಎರಡನೇ ಮರಕ್ಕೆ ಬೇವಿನ ಹಿಂಡಿ ಹಾಕ್ಸಿ" ಎಂದು ಗಂಟೆಗಟ್ಟಲೆ ಮಾತಾಡುವರು. ಮಾವನೂ ಗಂಭೀರವಾಗಿ, "ಹಾಕಿಸ್ತೀನಿ" ಅನ್ನುವನು.

ಒಂದೊಂದು ಪದರ ಬಣ್ಣ ಹೊಡೆದ ಮೇಲೂ ಹಲಗೆ ಬಿಚ್ಚಿ ಅಟ್ಟಕ್ಕೆ! ಕೊಬ್ಬರಿ ಕಾಯಿಗಳ ಪಕ್ಕದಲ್ಲಿ ವಾರಗಟ್ಟಲೆ. "ಅಂಗಡಿಯೋರು ಎರಡು ಗಂಟೆಗೆ ಒಣಗುತ್ತೆ ಅಂತಾರಲ್ಲ ಮಾವ" ಎಂದರೆ, "ಮ್ಯಾಲೆ ಒಣಗುತ್ತೆ. ಒಳಗೆ ಒಣಗೋಕೆ ಟೈಮ್ ಬೇಕು. ನಾವು ಅವಸರ ಮಾಡಬಾರ್ದು" ಅನ್ನುವನು. ಆ ಮಾತು ಹೇಳುವಾಗ ನನ್ನನ್ನು ಯಾಕೆ ಹಾಗೆ ನೋಡುತ್ತಾನೆ ಎಂದು ಆಗ ಗೊತ್ತಾಗಲಿಲ್ಲ.

ಹತ್ತು ತಿಂಗಳಲ್ಲಿ ಎಲ್ಲ ಮುಗಿಯಿತು, ಮುಖ ಒಂದು ಬಿಟ್ಟು. ಸಮುದ್ರ ನೀಲಿ ನೀಲಿ, ಲಂಗ ಕೆಂಡಸಂಪಿಗೆ ಬಣ್ಣ, ಮುಖದ ಜಾಗದಲ್ಲಿ ಮಾತ್ರ ಉಪ್ಪುಕಾಗದ ಹಾಕಿ ಉಜ್ಜಿ ಬಳಿದ ಬಿಳಿ ಪ್ರೈಮರ್. ಬಂದವರೆಲ್ಲ, "ಯಾಕಣ್ಣ, ಇವಳು ಗಂಡನ ಮೇಲೆ ಮುನಿಸ್ಕೊಂಡವಳಾ?" ಎಂದು ತಮಾಷೆ ಮಾಡುವರು. ಮಾವ ನಕ್ಕು ಬಣ್ಣದ ಬಟ್ಟಲು ತೊಳೆಯಲು ಹೋಗುವನು. ಆದರೆ ನಾನು ಒಂದೆರಡು ಸಲ ಕಂಡಿದ್ದೇನೆ: ಯಾರೂ ಇಲ್ಲವೆಂದುಕೊಂಡು ಏರ್‌ಬ್ರಷ್ ಕೈಗೆತ್ತಿಕೊಳ್ಳುತ್ತಾನೆ, ಆ ಬಿಳಿಯ ಹತ್ತಿರ ಒಯ್ಯುತ್ತಾನೆ, ಬೆರಳು ಗುಂಡಿಯ ಮೇಲೇ ನಿಂತುಬಿಡುತ್ತದೆ. ಸಾವಿರಾರು ಮುಖಗಳಿಗೆ ಚೆಂದ ಕೊಟ್ಟ ಕೈ ಅದು. ನನ್ನ ಬಾಯಿ ಮುಚ್ಚಿದ್ದರಿಂದ ಆ ಕೈ ಕಟ್ಟಿಹೋಗಿತ್ತು.

ಕೊಬ್ಬರಿ ಸುಲಿಸುವ ದಿನ ಬಂತು. ಪ್ರತಿ ವರ್ಷದಂತೆ ನಾವೆಲ್ಲ ಸೇರಿದೆವು. ಅಂಗಳದಲ್ಲಿ ಆಳುಗಳು ಕಾಯಿ ಸುಲಿಯುತ್ತಿದ್ದರು. ಜಗುಲಿಯ ಮೇಲೆ ಪೆಟ್ಟಿಗೆ. ಅದನ್ನು ಮರುದಿನ ಪೇಟೆಗೆ ಒಯ್ದು ಹಳೇ ಸ್ಟುಡಿಯೋದ ಮುಂದಿಟ್ಟು, ಸಂತೆಗೆ ಬಂದವರೆಲ್ಲ ಆಡಲಿ ಎಂದು ಮಾವನ ಆಸೆ. ಮುಖವಿಲ್ಲದವಳನ್ನೇ ಒಯ್ಯುವುದು ಎಂದು ತೀರ್ಮಾನವಾಗಿತ್ತು. ಅಮ್ಮ ಅದನ್ನು ಮೇಲಿಂದ ಕೆಳಗೆ ನೋಡಿ, ಯುಗಾದಿಗೆ ಇನ್ನೂ ಎರಡು ತಿಂಗಳಿದ್ದರೂ ಶುರು ಮಾಡಿದಳು.

"ಏನ್ಲಾ, ಮುಖ ಬರೆಯೋಕೆ ಕೈ ನಡುಗುತ್ತಾ? ಅವತ್ತು ನನ್ ಮಗಳ ಮುಖದ ಮೇಲೆ ಆಡ್ಸೋವಾಗ ನಡುಗಲಿಲ್ವಾ?"

"ಹೂಂ ಅಕ್ಕ, ತಪ್ಪಾಯ್ತು" ಎಂದ ಮಾವ.

ಹೋಳಿಗೆ ಇರಲಿಲ್ಲ, ತುಪ್ಪ ಇರಲಿಲ್ಲ. ಬಾಯಲ್ಲಿ ಏನೂ ಇಲ್ಲದೆ ಅವನು ಆ ಮಾತು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದೆ. ಎಷ್ಟು ಸಣ್ಣ ದನಿ! ನನಗೆ ತಡೆಯಲಾಗಲಿಲ್ಲ.

"ಅಮ್ಮ, ಅಳಿಸು ಅಂದೋಳು ನಾನು."

"ಏನಂದೆ?"

"ಮಾವ ಬ್ಯಾಡ ಅಂದ. ಎರಡು ಸಲ ಅಂದ. ನಾನೇ ಅತ್ತು, ಕಾಲು ಹಿಡ್ಕೊಂಡು ಅಳಿಸಿದೆ. ಆ ಗಂಡಿನ ಕಡೆಯೋರ ಮುಂದೆ ನನ್ ಮರ್ಯಾದೆ ಉಳೀಲಿ ಅಂತ ತನ್ನ ಮೇಲೆ ಹಾಕ್ಕೊಂಡ. ನಾನು ಸುಮ್ನಿದ್ದುಬುಟ್ಟೆ. ಇವತ್ತಿನವರೆಗೂ ಸುಮ್ನಿದ್ದೆ."

ಅಮ್ಮ ಜಗುಲಿಯ ಕಂಬ ಹಿಡಿದು ಕೂತಳು. "ಅಯ್ಯೋ, ಅಷ್ಟು ಯುಗಾದಿ ನಾನಿವನ್ನ ಬೈದೆನಲ್ಲೇ!"

"ನೀವು ಯುಗಾದಿಗೆ ಬೈದ್ರಿ ಅತ್ತಿಗೆ" ಎಂದು ಅತ್ತೆ ಕಣ್ಣೊರೆಸಿಕೊಂಡಳು. "ನಾನು ಯುಗಾದಿವರೆಗೂ ಕಾಯ್ಲಿಲ್ಲ, ದಿನಾ ಬೈದೆ."

ಮಾವ ಎದ್ದು ಬಂದ. ಪಂಚೆಗೆ ಕೈ ಒರೆಸಿಕೊಂಡು, ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಹಣೆಗೆ ಕಿವಿಯಿಟ್ಟು, ಮೆಲ್ಲಗೆ ಅಲ್ಲಾಡಿಸಿದ. ಒಂದು ಸಲ. ಎರಡು ಸಲ. ಆಮೇಲೆ ಅಮ್ಮನ ಕಡೆ ತಿರುಗಿ, "ಚಿಪ್ಪು ಬುಡ್ತು ಕಣಕ್ಕ" ಎಂದ. "ಇಪ್ಪತ್ತೆರಡು ವರ್ಷ ಅಟ್ಟದ ಮೇಲಿತ್ತು. ನಾನೇ ಒಡೆಯಬೈದಾಗಿತ್ತು. ಒಡೆದಿದ್ರೆ ನಮ್ಮ ಹುಡುಗಿ ಚೂರಾಗಿ ಬರೋಳು."

ನಾನು ಅತ್ತೆನೋ ನಕ್ಕೆನೋ ಗೊತ್ತಿಲ್ಲ, ಎರಡೂ ಇರಬೇಕು. "ಮಾವ, ನಿನ್ನ ಉಪಕಾರಾನ ನಾನು..." ಎಂದು ಏನೋ ಹೇಳಲು ಹೋದೆ.

"ಸುಮ್ಕಿರವ್ವಾ, ಟ್ಯೂಬಲ್ಲಿ ಗಾಳಿ ಇಳೀತೈತೆ!"

ಅವನು ಬಣ್ಣ ಕಲಸುತ್ತಿದ್ದ. ಅತ್ತೆ ಯಾರೂ ಹೇಳದೆ ಹೋಗಿ ಟ್ಯೂಬಿನ ಮೇಲೆ ಕೂತಳು. ಜನ್ಮದಲ್ಲಿ ಅಂಥದ್ದೊಂದನ್ನು ಮಾಡದ ನಮ್ಮಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಸ್ವಲ್ಪ ಆಕಡೆ ಸರಿಯೇ" ಎಂದು ಅತ್ತೆಯ ಪಕ್ಕ ತಾನೂ ಕೂತಳು. ಮಾವ ಏರ್‌ಬ್ರಷ್ ಎತ್ತಿದ. ಈ ಸಲ ಬೆರಳು ನಿಲ್ಲಲಿಲ್ಲ. ಸ್ ಎಂದು ಗಾಳಿ ಬಂತು, ಹಣೆ ಬಂತು, ಹುಬ್ಬು, ಮೂಗು, ನಗುವ ತುಟಿ ಬಂತು, ಬಲಗೆನ್ನೆ ಬಂತು. ಎಡಗೆನ್ನೆ ಅರ್ಧ ತುಂಬಿತು. ಅದರ ಕೆಳಗೆ, ಆ ಪುಟ್ಟ ಮುಖದ ಅಳತೆಗೆ ತಕ್ಕ ಹಾಗೆ, ನನ್ನ ಈಗಿನ ಮಚ್ಚೆಯಷ್ಟೇ ಬಿಳಿ ಉಳಿದಿತ್ತು. ಅಲ್ಲಿಗೆ ಬಂದು ಕೈ ನಿಂತಿತು. ಮಾವ ಹಿಂತಿರುಗಿ ನನ್ನನ್ನು ನೋಡಿದ. ಸ್ಟುಡಿಯೋದ ಸ್ಟೂಲಿನ ಮೇಲೆ ಕೂತಿದ್ದ ಹುಡುಗಿಯನ್ನು ನೋಡಿದ ಹಾಗೇ ನೋಡಿದ.

"ಇದನ್ನೇನ್ ಮಾಡಾನ ಮಗಾ?"

"ಇರ್ಲಿ ಬುಡು ಮಾವ" ಎಂದೆ. "ಚೆನ್ನಾಗೈತೆ."

ಮಾವ ಗುಂಡಿಯ ಮೇಲಿಂದ ಬೆರಳು ತೆಗೆದ.